ನರ್ತನದಲ್ಲಿ ವಾರ್ಧಕ್ಯವೂ ದೇಹಸಂಸ್ಕಾರವೂ: ಬೀದರ, ಭಾಲ್ಕಿ, ಔರಾದ ಸೀಮೆಯ ಕುಣಿತಗಳನ್ನು ಕುರಿತ ವಿಮರ್ಶೆ

ನರ್ತನವನ್ನು ಕುರಿತು ಭರತಖಂಡದಲ್ಲಿ ನಡೆದು ಬಂದಿರುವ ಶಾಸ್ತ್ರವಿಚಾರವು ಬಹುಮಟ್ಟಿಗೆ ಯೌವನವನ್ನು ಕುರಿತ ವಿಚಾರವೇ ಆಗಿರುವುದು. ಪಾತ್ರವು ತರುಣಿಯಾಗಿರಬೇಕು, ಅಂಗವು ಕೃಶವೂ ಸುಂದರವೂ ಆಗಿರಬೇಕು, ನೋಡುವ ಸಭೆಯು ರಸಿಕವಾಗಿರಬೇಕು. ಈ ಮೂರನ್ನು ಹೇಳಿ ಮುಗಿಸಿದ ಮೇಲೆ ಶಾಸ್ತ್ರಕಾರರಿಗೆ ಉಳಿಯುವುದು ಹಸ್ತ, ಚಾರಿ, ಕರಣ, ಅಂಗಹಾರಗಳ ಗಣನೆ ಮಾತ್ರ. ಕುಣಿದ ದೇಹವು ಮುಪ್ಪಾದ ಮೇಲೆ ಅದರಲ್ಲಿದ್ದ ಕುಣಿತವು ಎಲ್ಲಿಗೆ ಹೋಗುವುದು, ಉಳಿಯುವುದಾದರೆ ಯಾವ ರೂಪದಲ್ಲಿ ಉಳಿಯುವುದು ಎಂಬ ಪ್ರಶ್ನೆಯನ್ನು ಪ್ರತ್ಯೇಕವಾಗಿ ಎತ್ತಿದವರು ವಿರಳ. ಬೀದರ ಪಟ್ಟಣ, ಭಾಲ್ಕಿ, ಔರಾದ ಈ ಮೂರರ ಸುತ್ತಿನ ಗ್ರಾಮಗಳಲ್ಲಿ ನಡೆದು ಬಂದಿರುವ ಕುಣಿತಗಳು ಈ ಪ್ರಶ್ನೆಯನ್ನು ತಾವಾಗಿಯೇ ಎತ್ತುತ್ತಿರುವುದರಿಂದ ಅವನ್ನು ಮುಂದಿಟ್ಟುಕೊಂಡು ಶಾಸ್ತ್ರವನ್ನು ಪರಾಮರ್ಶಿಸುವುದು ಉಚಿತವಾಗಿದೆ.

ಮೊದಲು ವಿಷಯವನ್ನು ನಿರ್ದೇಶಿಸತಕ್ಕದ್ದು. ಆಶ್ವೀಜಮಾಸದ ಶೀಗಿ ಹುಣ್ಣಿಮೆಯ ಸುತ್ತಿನ ದಿನಗಳಲ್ಲಿ ಈ ಸೀಮೆಯ ಹೆಂಗಸರು ಬುಲಾಯಿ ಹಾಡುಗಳನ್ನು ಹಾಡುವರು. ವೃತ್ತಾಕಾರವಾಗಿ ನಿಂತು, ಚಪ್ಪಾಳೆಯಿಕ್ಕುತ್ತ, ಬಾಗಿ ಎದ್ದು ಸುತ್ತುವ ಈ ಕುಣಿತದಲ್ಲಿ ಒಬ್ಬಳು ಎತ್ತಿಕೊಟ್ಟ ನುಡಿಯನ್ನು ಉಳಿದವರು ಹಿಡಿಯುವರು. ಮರಾಠಿ ಸೀಮೆಯ ಭುಲಾಬಾಯಿ ಹಾಡುಗಳೊಡನೆ ಇದಕ್ಕಿರುವ ನಂಟು ಹೆಸರಿನಿಂದಲೂ ಕಾಲದಿಂದಲೂ ವ್ಯಕ್ತವಾಗುತ್ತದೆ. ಮೊಹರಮ್ಮಿನಲ್ಲಿ ಹಿಂದುಗಳೂ ಮುಸಲ್ಮಾನರೂ ಕೂಡಿ ಅಲಾಯಿ ಕುಣಿಯ ಸುತ್ತ ಹೆಜ್ಜೆಹಾಕುತ್ತ ರಿವಾಯತ್ ಪದಗಳನ್ನು ಹಾಡುವರು. ಕೋಲಾಟವಂತೂ ಸರ್ವತ್ರ ಇರುವುದು. ಪಂಢರಾಪುರಕ್ಕೆ ಹೊರಡುವ ದಿಂಡಿಗಳಲ್ಲಿ ತಾಳ ಮೃದಂಗಗಳ ಗತಿಗೆ ಮುಂದೊಂದು ಹಿಂದೊಂದು ಅಡಿಯಿಡುವ ಪಾವಲಿಯು ಗಡಿಯ ಈಚೆಗೂ ಪರಿಚಿತವಾದುದು. ಔರಾದ ತಾಲ್ಲೂಕಿನ ತಾಂಡಾಗಳಲ್ಲಿ ಲಂಬಾಣಿ ಹೆಂಗಸರು ಹೋಳಿಯಲ್ಲಿ ಲೆಂಗಿಯನ್ನೂ ಶ್ರಾವಣದಲ್ಲಿ ತೀಜ್ ಕುಣಿತವನ್ನೂ ನಡೆಸುವರು. ಅವರ ಕೈಕಾಲುಗಳ ಆಭರಣಗಳ ಸಪ್ಪಳವೇ ಅಲ್ಲಿ ಅರ್ಧ ವಾದ್ಯ.

ಇವುಗಳಲ್ಲಿ ಭಾಷೆ ಒಂದಲ್ಲ, ಮತ ಒಂದಲ್ಲ, ಕಾಲವೂ ಒಂದಲ್ಲ. ಆದರೂ ಎಲ್ಲಕ್ಕೂ ಸಾಧಾರಣವಾದ ಎರಡು ಧರ್ಮಗಳುಂಟು. ಮೊದಲನೆಯದು, ಇವು ಬಹುಮಟ್ಟಿಗೆ ಸುತ್ತಿನ ಅಥವಾ ಸಾಲಿನ ಕುಣಿತಗಳು. ಕುಣಿಯುವವರಿಗೂ ನೋಡುವವರಿಗೂ ನಡುವೆ ಗೆರೆಯಿಲ್ಲ. ಎರಡನೆಯದು, ಇವುಗಳಲ್ಲಿ ವಯಸ್ಸಾದವರಿಗೆ ಬಹಿಷ್ಕಾರವಿಲ್ಲ. ಬಹಿಷ್ಕಾರವಿಲ್ಲದಿರುವುದು ಮಾತ್ರವಲ್ಲ, ನುಡಿ ತಪ್ಪಿದಾಗ ಎತ್ತಿಕೊಡುವವಳು, ಹೆಜ್ಜೆ ಕೆಟ್ಟಾಗ ಗತಿಯನ್ನು ತಿದ್ದುವವಳು ಸಾಮಾನ್ಯವಾಗಿ ಹಿರಿಯಳೇ ಆಗಿರುವಳು.

ಇಲ್ಲಿ ಸಂಶಯವು ಹುಟ್ಟುವುದು. ವೃದ್ಧದೇಹವು ನರ್ತನಕ್ಕೆ ಆಶ್ರಯವಾಗಬಲ್ಲುದೋ, ಇಲ್ಲವೋ? ಇಂಥವರ ಕುಣಿತವನ್ನು ನರ್ತನವೆಂದು ಎಣಿಸಬೇಕೋ, ಇಲ್ಲವೆ ಹಿಂದಿನ ನರ್ತನದ ಕ್ಷೀಣವಾದ ಅವಶೇಷವೆಂದು ತಳ್ಳಬೇಕೋ?

ಪೂರ್ವಪಕ್ಷವು ಬಲವಾದುದೇ. ನಂದಿಕೇಶ್ವರನ ಅಭಿನಯದರ್ಪಣವು ಪಾತ್ರಲಕ್ಷಣವನ್ನು ಹೇಳುವಾಗ ತನ್ವಿಯೂ ರೂಪವತಿಯೂ ಆದ ತರುಣಿಯನ್ನೇ ಚಿತ್ರಿಸಿ, ವರ್ಜ್ಯಪಾತ್ರಗಳ ಪಟ್ಟಿಯಲ್ಲಿ ವಿರಳಕೇಶಿಯನ್ನೂ ಬಾಗಿದ ಬೆನ್ನಿನವಳನ್ನೂ ಸ್ವರಹೀನೆಯನ್ನೂ ಸೇರಿಸುವುದು. ಮುಪ್ಪು ಎಂದು ಬಾಯಿಬಿಟ್ಟು ಹೇಳದಿದ್ದರೂ ಮುಪ್ಪಿನ ಚಿಹ್ನೆಗಳು ಆ ಪಟ್ಟಿಯೊಳಗೆ ಬಂದುಬಿಟ್ಟಿವೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದ ಏಳನೆಯ ಅಧ್ಯಾಯದಲ್ಲಿ ಪಾತ್ರವನ್ನು ಮುಗ್ಧ, ಮಧ್ಯ, ಪ್ರಗಲ್ಭವೆಂದು ಯೌವನದ ಮೂರು ಅವಸ್ಥೆಗಳಿಗೆ ಅನುಸಾರವಾಗಿಯೇ ವಿಭಾಗಿಸಿರುವನು. ವಾರ್ಧಕ್ಯಕ್ಕೆ ಆ ವಿಭಾಗದಲ್ಲಿ ಸ್ಥಾನವಿಲ್ಲ. ಭರತಮುನಿಯು ಗತಿಪ್ರಚಾರದಲ್ಲಿ ವೃದ್ಧರ ನಡಿಗೆಯನ್ನು ವರ್ಣಿಸಿರುವುದು ನಿಜ. ಆದರೆ ಅದು ನಟನು ಅನುಕರಿಸಬೇಕಾದ ನಡಿಗೆ. ಮುಪ್ಪು ಅಲ್ಲಿ ಅಭಿನೇಯವೇ ಹೊರತು ಅಭಿನಯಿಸುವ ದೇಹವಲ್ಲ. ಶಿಲ್ಪವೂ ಇದನ್ನೇ ಹೇಳುವುದು. ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನ ಜಲಸಂಗಿಯಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದ ದೇವಾಲಯದ ಹೊರಭಿತ್ತಿಯ ಮೇಲೆ ನಿಂತಿರುವ ಸುಂದರಿಯರಿಗೆ ಶಿಲಾಬಾಲಿಕೆಯರೆಂಬ ಹೆಸರೇ ಸಲ್ಲುತ್ತಿರುವುದು.

ಈ ಪೂರ್ವಪಕ್ಷವನ್ನು ಖಂಡಿಸುವ ಮೊದಲು ಅದರ ವ್ಯಾಪ್ತಿಯನ್ನು ಗೊತ್ತುಮಾಡಬೇಕು. ಮೇಲೆ ಹೇಳಿದ ಲಕ್ಷಣಗಳೆಲ್ಲ ಸಭೆಯ ಮುಂದೆ ನಿಲ್ಲುವ ಪಾತ್ರಕ್ಕೆ ಹೇಳಿದವು. ಸಭೆ, ಸಭಾಪತಿ, ಪಾತ್ರ ಎಂಬ ತ್ರಿಪುಟಿಯಿರುವಲ್ಲಿ ನೇತ್ರಾನಂದವು ಪ್ರಯೋಜನವಾದುದರಿಂದ ಯೌವನವು ಅಂಗವಾಗುವುದು. ಎಲ್ಲಿ ಈ ತ್ರಿಪುಟಿಯಿಲ್ಲವೋ, ಎಲ್ಲಿ ಕುಣಿಯುವವರೇ ಸಭೆಯಾಗಿರುವರೋ, ಅಲ್ಲಿ ಆ ಲಕ್ಷಣಗಳ ಪ್ರವೃತ್ತಿಯಿಲ್ಲ. ಒಂದು ಯಾಗಕ್ಕೆ ವಿಧಿಸಿದ ಅಂಗವನ್ನು ಪ್ರಮಾಣವಿಲ್ಲದೆ ಇನ್ನೊಂದಕ್ಕೆ ಹಚ್ಚುವುದು ಮೀಮಾಂಸಕರಿಗೆ ಹೇಗೆ ಸಮ್ಮತವಲ್ಲವೋ ಹಾಗೆಯೇ ರಾಜಸಭೆಯ ಪಾತ್ರಲಕ್ಷಣವನ್ನು ಅಂಗಳದ ಬುಲಾಯಿಗೆ ಹಚ್ಚುವುದೂ ಸಮ್ಮತವಾಗಲಾರದು.

ಶಾಸ್ತ್ರಕಾರರಿಗೆ ಈ ಭೇದವು ತಿಳಿಯದೆ ಇದ್ದಿತೆಂದು ಹೇಳಲಾಗದು. ಅದೇ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು, ಎಂದರೆ ಭೂಲೋಕಮಲ್ಲನು, ಕಲ್ಯಾಣದಲ್ಲಿ ಆಳುತ್ತ ಕ್ರಿ. ಶ. ೧೧೩೦ರ ಸುಮಾರಿಗೆ ಮಾನಸೋಲ್ಲಾಸವನ್ನು ರಚಿಸಿದನು. ಐದು ವಿಂಶತಿಗಳ ನೂರು ಅಧ್ಯಾಯಗಳುಳ್ಳ ಈ ಗ್ರಂಥದ ನಾಲ್ಕನೆಯ ವಿಂಶತಿಯಲ್ಲಿ ನೃತ್ಯವಿನೋದವು ಬರುವುದು. ಅಲ್ಲಿ ನಾಟ್ಯ, ಲಾಸ್ಯ, ತಾಂಡವಗಳ ಜೊತೆಗೆ ಲಾಘವ, ವಿಷಮ, ವಿಕಟಗಳನ್ನೂ ನರ್ತನದ ಭೇದಗಳಾಗಿ ಎಣಿಸಿರುವುದರಿಂದ ಸುಂದರವಾದುದೊಂದೇ ನರ್ತನವೆಂಬ ನಿಯಮವು ಆ ದೊರೆಗೆ ಇರಲಿಲ್ಲವೆಂದು ಸ್ಪಷ್ಟವಾಗುತ್ತದೆ. ಕಾಕತೀಯ ಗಣಪತಿದೇವನ ಗಜಸೇನಾಧಿಪತಿಯಾದ ಜಾಯಪನು ೧೨೫೩-೫೪ರಲ್ಲಿ ಮುಗಿಸಿದ ನೃತ್ತರತ್ನಾವಳಿಯಲ್ಲಿ ಇನ್ನೊಂದು ಸಂಗತಿಯು ಉಕ್ತವಾಗಿದೆ. ಕಲ್ಯಾಣದಲ್ಲಿ ಭೂತಮಾತೃವಿನ ಉತ್ಸವದಂದು ಭಿಲ್ಲಿಯ ವೇಷದಲ್ಲಿ ಕುಣಿದವಳನ್ನು ಕಂಡು ಸೋಮೇಶ್ವರನು ಗೋಂಡಲಿಯೆಂಬ ನೃತ್ತವನ್ನು ಏರ್ಪಡಿಸಿದನೆಂಬುದೇ ಆ ಸಂಗತಿ. ಎಂದಮೇಲೆ ಬೀದರ ಸೀಮೆಯಲ್ಲಿ ಸಭೆಯು ಬೀದಿಯಿಂದ ಕಲಿತ ದೃಷ್ಟಾಂತವು ಗ್ರಂಥಸ್ಥವಾಗಿಯೇ ಇರುವುದು. ಬೀದಿಯು ಮೂಲ, ಸಭೆಯು ಅದರ ಪ್ರತಿ. ಪ್ರತಿಯ ಲಕ್ಷಣದಿಂದ ಮೂಲವನ್ನು ಅಳೆಯುವುದು ವಿಪರೀತಕ್ರಮ.

ಇನ್ನು ಮುಖ್ಯವಾದ ವಿಚಾರ. ವರ್ಷಕ್ಕೊಂದೆರಡು ಸಲ ಮಾತ್ರ ನಡೆಯುವ ಕುಣಿತದ ಹೆಜ್ಜೆಗಳು ಎಪ್ಪತ್ತು ಎಂಬತ್ತು ವರ್ಷದವರಲ್ಲಿ ಉಳಿದು ಬರುವುದು ಹೇಗೆ? ವೈಶೇಷಿಕರು ಸಂಸ್ಕಾರವನ್ನು ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ಮೂರು ಬಗೆಯಾಗಿ ಹೇಳುವರು. ಬಾಗಿಸಿದ ಚಾಪೆಯನ್ನೋ ಬಿಲ್ಲನ್ನೋ ಮೊದಲಿನ ಸ್ಥಿತಿಗೆ ತರುವುದು ಸ್ಥಿತಿಸ್ಥಾಪಕ, ಅದು ಪೃಥಿವಿಯಲ್ಲಿರುವುದು. ಸ್ಮೃತಿಗೆ ಕಾರಣವಾದುದು ಭಾವನೆ, ಅದು ಆತ್ಮಮಾತ್ರವೃತ್ತಿ. ಮನುಷ್ಯದೇಹವು ಪಾರ್ಥಿವವಾದುದರಿಂದ ಹೆಜ್ಜೆಯ ನೆನಪನ್ನು ಸ್ಥಿತಿಸ್ಥಾಪಕವೆಂದು ಹೇಳಬಹುದಲ್ಲವೆ ಎಂದರೆ, ಹೇಳಲಾಗದು. ಬಿಲ್ಲು ತನ್ನ ಹುಟ್ಟುಸ್ಥಿತಿಗೆ ಮರಳುವುದು. ಕುಣಿಯುವ ಕಾಲು ಕಲಿತ ಸ್ಥಿತಿಗೆ ಮರಳುವುದು. ಮೇಲಾಗಿ ಮುಪ್ಪಿನಲ್ಲಿ ಸ್ನಾಯುಗಳ ಸ್ಥಿತಿಸ್ಥಾಪಕವು ಕುಗ್ಗುವುದು ಪ್ರತ್ಯಕ್ಷ. ಹೆಜ್ಜೆಯ ಅರಿವು ಹಾಗೆ ಕುಗ್ಗುವುದಿಲ್ಲ. ಆದುದರಿಂದ ಎರಡೂ ಬೇರೆ.

ಹಾಗಾದರೆ ಭಾವನೆಯೆನ್ನೋಣವೆಂದರೆ ಪ್ರಶಸ್ತಪಾದರ ಭಾಷ್ಯವು ನೆರವಿಗೆ ಬರುವುದು. ಭಾವನೆಯು ಪಟುವಾದ ಪ್ರತ್ಯಯದಿಂದ, ಅಭ್ಯಾಸದಿಂದ, ಆದರದಿಂದ ದೃಢವಾಗುವುದೆಂದು ಅವರು ಹೇಳಿರುವರು. ದಾಕ್ಷಿಣಾತ್ಯನೊಬ್ಬನು ಮೊದಲ ಸಲ ಒಂಟೆಯನ್ನು ಕಂಡಾಗ ಆಗುವ ಬೆರಗು ಪಟುಪ್ರತ್ಯಯಕ್ಕೆ ಉದಾಹರಣೆ. ವಿದ್ಯೆ, ಶಿಲ್ಪ, ವ್ಯಾಯಾಮ ಮೊದಲಾದವುಗಳಲ್ಲಿ ಹಿಂದುಹಿಂದಿನ ಸಂಸ್ಕಾರದ ಮೇಲೆ ಮುಂದುಮುಂದಿನದು ಕೂಡಿ ಅತಿಶಯವು ಉಂಟಾಗುವುದು ಅಭ್ಯಾಸಕ್ಕೆ ಉದಾಹರಣೆ. ಬುಲಾಯಿಯ ಸುತ್ತಿನಲ್ಲಿ ಈ ಮೂರೂ ಕೂಡಿ ಬರುವುವು. ತಾಯಿಯ ಸೆರಗು ಹಿಡಿದು ಬೆಳುದಿಂಗಳಿನಲ್ಲಿ ಮೊದಲ ಸಲ ಸುತ್ತಿದ ಮಗುವಿಗೆ ಬೆರಗು. ವರ್ಷವರ್ಷವೂ ಅದೇ ಹುಣ್ಣಿಮೆಯಲ್ಲಿ ಪುನರಾವೃತ್ತಿ. ಹಬ್ಬವೆಂಬ ಕಾರಣದಿಂದ ಆದರ. ಬೇರೊಂದು ವಿದ್ಯೆಗೆ ಇವುಗಳಲ್ಲಿ ಒಂದೋ ಎರಡೋ ದೊರೆತಾವು. ಮೂರೂ ದೊರೆಯುವುದು ಅಪೂರ್ವ.

ಸಂಸ್ಕಾರವಿದ್ದ ಮಾತ್ರಕ್ಕೆ ಸ್ಮೃತಿಯು ಆಗುವುದಿಲ್ಲ. ಅದನ್ನು ಎಬ್ಬಿಸುವ ಉದ್ಬೋಧಕವು ಬೇಕು. ಗೌತಮನು ನ್ಯಾಯಸೂತ್ರದ ಮೂರನೆಯ ಅಧ್ಯಾಯದಲ್ಲಿ ಪ್ರಣಿಧಾನ, ಅಭ್ಯಾಸ, ಲಿಂಗ, ಸಾದೃಶ್ಯ, ಆನಂತರ್ಯ ಮೊದಲಾಗಿ ಇಪ್ಪತ್ತಕ್ಕೂ ಮಿಕ್ಕ ಸ್ಮೃತಿನಿಮಿತ್ತಗಳನ್ನು ಪರಿಗಣಿಸಿರುವನು. ಕುಣಿತದಲ್ಲಿ ಉದ್ಬೋಧಕವು ಆನಂತರ್ಯವೆಂದು ತೋರುತ್ತದೆ. ಒಂದು ಹೆಜ್ಜೆಯು ತನ್ನ ಮುಂದಿನದನ್ನು ಕರೆಯುವುದು. ಕೂತು ಹೇಳೆಂದರೆ ತಡವರಿಸುವ ಹಾಡು ಎದ್ದು ಸುತ್ತತೊಡಗಿದೊಡನೆ ಸರಾಗವಾಗುವುದಕ್ಕೆ ಇದೇ ಕಾರಣ. ಈ ನಿಯಮವು ಕನ್ನಡನಾಡಿಗೆ ಮಾತ್ರ ಸೀಮಿತವಲ್ಲ. ಯುಗೋಸ್ಲಾವಿಯಾದ ವೀರಗೀತಗಾಯಕರನ್ನು ಪರೀಕ್ಷಿಸಿದ ಆಲ್ಬರ್ಟ್ ಲಾರ್ಡ್ ಎಂಬ ವಿದ್ವಾಂಸರು ೧೯೬೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತಂತಿವಾದ್ಯವನ್ನು ಕೈಯಿಂದ ತೆಗೆದು ಹೇಳಿ ಬರೆಯಿಸುವಾಗ ಗಾಯಕರ ಪಂಕ್ತಿಗಳು ಛಂದಸ್ಸು ತಪ್ಪುತ್ತಿದ್ದುದನ್ನು ಗುರುತಿಸಿರುವರು. ವೇದಾಧ್ಯಯನ ಮಾಡಿದವರಿಗೂ ಇದು ತಿಳಿದುದೇ. ನಡುವೆ ತಡೆದು ಇಂಥ ಪದವನ್ನು ಹೇಳೆಂದರೆ ತೊಡಕುವ ವೃದ್ಧ ಘನಪಾಠಿಯು ಹಿಂದಿನ ಪದದಿಂದ ಹಿಡಿದು ಬಂದರೆ ತಾನೇ ಅಲ್ಲಿಗೆ ಮುಟ್ಟುವನು.

ಇಷ್ಟರಿಂದಲೇ ನ್ಯಾಯವೈಶೇಷಿಕ ಪ್ರಕ್ರಿಯೆಯು ಪೂರ್ಣವಾಯಿತೆಂದು ಹೇಳುವಂತಿಲ್ಲ. ಭಾವನೆಯ ಫಲವು ಸ್ಮೃತಿ, ಸ್ಮೃತಿಯು ಜ್ಞಾನ. ಆದರೆ ಕುಣಿಯುವವಳಿಗೆ, ಹೆಜ್ಜೆಯಿಡುವ ಕ್ಷಣದಲ್ಲಿ, ಇದು ಹಿಂದೆ ಕಲಿತದ್ದು ಎಂಬ ಜ್ಞಾನವು ಹುಟ್ಟಲೇಬೇಕೆಂಬ ನಿಯಮವಿಲ್ಲ. ಹೆಜ್ಜೆಯು ಮಾತ್ರ ಸರಿಯಾಗಿ ಬೀಳುವುದು. ಭರ್ತೃಹರಿಯು ವಾಕ್ಯಪದೀಯದಲ್ಲಿ, ರತ್ನಪರೀಕ್ಷಕರ ಅರಿವು ಅಭ್ಯಾಸದಿಂದಲೇ ಬಂದುದು, ಅನುಮಾನದಿಂದಲ್ಲ, ಪರರಿಗೆ ಹೇಳಿ ತಿಳಿಸಲೂ ಆಗದು ಎಂದು ಹೇಳಿರುವುದು ಈ ನ್ಯೂನತೆಯನ್ನು ತುಂಬುವ ಮಾತು. ಫ್ರಾನ್ಸಿನ ತತ್ತ್ವಜ್ಞ ಆನ್ರಿ ಬರ್ಗ್‌ಸನ್ ೧೮೯೬ರಲ್ಲಿ ಅಭ್ಯಾಸರೂಪವಾದ ಸ್ಮೃತಿಯನ್ನೂ ಚಿತ್ರರೂಪವಾದ ಸ್ಮೃತಿಯನ್ನೂ ಬೇರ್ಪಡಿಸಿದುದೂ ಈ ದಿಕ್ಕಿನದೇ. ಇದನ್ನು ಪರೀಕ್ಷೆಯಿಂದ ಸ್ಥಾಪಿಸಿದವರು ಕೆನಡಾದ ಬ್ರೆಂಡಾ ಮಿಲ್ನರ್. ೧೯೫೩ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯಾದ ಮೇಲೆ ಹೊಸ ಸಂಗತಿಗಳನ್ನು ನೆನಪಿನಲ್ಲಿಡಲಾರದೆ ಹೋದ ಹೆನ್ರಿ ಮೊಲೇಸನ್ ಎಂಬವರು ಕನ್ನಡಿಯಲ್ಲಿ ನೋಡಿ ರೇಖೆ ಬರೆಯುವುದನ್ನು ದಿನದಿನಕ್ಕೆ ಚೆನ್ನಾಗಿ ಕಲಿತರು. ಹಿಂದೆ ಅದನ್ನು ಮಾಡಿದ್ದೆನೆಂಬುದು ಮಾತ್ರ ಅವರಿಗೆ ನೆನಪಿರಲಿಲ್ಲ. ಮಿಲ್ನರ್ ೧೯೬೨ರಲ್ಲಿ ಪ್ರಕಟಿಸಿದ ಈ ಸಂಗತಿಯಿಂದ, ಮಾಡುವ ಅರಿವೂ ನೆನೆಯುವ ಅರಿವೂ ಭಿನ್ನಾಶ್ರಯವೆಂದು ಸಿದ್ಧವಾಯಿತು. ಇದನ್ನು ದೇಹಸಂಸ್ಕಾರವೆಂದು ಕರೆದರೆ ಬಾಧೆಯಿಲ್ಲ.

ಇಲ್ಲಿ ಅತಿವ್ಯಾಪ್ತಿಯನ್ನು ತಡೆಯಬೇಕು. ಕುಣಿತವು ಮರೆವಿನ ರೋಗಕ್ಕೆ ಔಷಧವೆಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿರುವುದು. ಅದಕ್ಕೆ ಆಧಾರವಾಗಿ ಎತ್ತಿಹೇಳುವ ಶೋಧನೆಗಳಲ್ಲಿ ಮುಖ್ಯವಾದುದು ೨೦೦೩ರಲ್ಲಿ ಪ್ರಕಟವಾದುದು. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ ೭೫ ವರ್ಷಕ್ಕೆ ಮೇಲ್ಪಟ್ಟ ೪೬೯ ಜನರನ್ನು ಹಲವು ವರ್ಷ ಗಮನಿಸಿದಾಗ, ದೇಹದಿಂದ ಮಾಡುವ ವಿನೋದಗಳಲ್ಲಿ ನರ್ತನವೊಂದಕ್ಕೇ ಬುದ್ಧಿಭ್ರಂಶದ ಅಲ್ಪತೆಯೊಡನೆ ಸಾಹಚರ್ಯವು ಕಂಡುಬಂದಿತು. ಸಾಹಚರ್ಯವು ವ್ಯಾಪ್ತಿಯಲ್ಲವೆಂಬುದು ತರ್ಕವನ್ನು ಓದಿದ ಬಾಲಕನಿಗೂ ಗೊತ್ತು. ಬುದ್ಧಿ ಕುಂದತೊಡಗಿದವರು ತಾವಾಗಿ ಕುಣಿತವನ್ನು ಬಿಟ್ಟಿರಬಹುದು; ಆಗ ಕಾರ್ಯವನ್ನೇ ಕಾರಣವೆಂದು ತಿಳಿದಂತಾಗುವುದು. ೨೦೦೧ರಿಂದ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್‌ರವರ ನೃತ್ಯಮಂಡಳಿಯು ಕಂಪವಾತದ ರೋಗಿಗಳಿಗೆ ನಡೆಸುತ್ತ ಬಂದಿರುವ ಪಾಠಗಳಲ್ಲಿ ರೋಗಿಗಳನ್ನು ನರ್ತಕರೆಂದೇ ಭಾವಿಸಿ ಕಲಿಸುವ ಪದ್ಧತಿಯಿರುವುದು, ಅದು ಗ್ರಾಹ್ಯವಾದುದು. ಬೀದರ ಸೀಮೆಯ ವೃದ್ಧೆಯು ಔಷಧವೆಂದು ಕುಣಿಯುವವಳಲ್ಲ, ಹಬ್ಬವೆಂದು ಕುಣಿಯುವಳು. ಔಷಧವಾಗುವುದಾದರೆ ಅದು ಆನುಷಂಗಿಕ.

ಕನ್ನಡ ಕಾವ್ಯದಲ್ಲಿ ಈ ವಿಚಾರಕ್ಕೆ ಒಂದು ದೊಡ್ಡ ಪ್ರತಿದೃಷ್ಟಾಂತವುಂಟು. ಪಂಪನು ೯೪೧ರಲ್ಲಿ ಮುಗಿಸಿದ ಆದಿಪುರಾಣದಲ್ಲಿ ನೀಲಾಂಜನೆಯೆಂಬ ದೇವನರ್ತಕಿಯು ಕುಣಿಯುತ್ತಿರುವಾಗಲೇ ಆಯುಷ್ಯವು ತೀರಿ ಮಾಯವಾಗುವಳು. ರಸಭಂಗವಾಗದಿರಲೆಂದು ಇಂದ್ರನು ಅಂಥವಳನ್ನೇ ಮತ್ತೊಬ್ಬಳನ್ನು ನಿಲ್ಲಿಸುವನು. ಸಭೆಗೆ ಅದು ತಿಳಿಯದು, ಆದಿದೇವನಿಗೆ ಮಾತ್ರ ತಿಳಿಯುವುದು. ನೀಲಾಂಜನೆಗೆ ಮುಪ್ಪಿಲ್ಲ, ಯೌವನದಿಂದ ನೇರವಾಗಿ ಇಲ್ಲವಾಗುವಳು. ಅವಳ ಸ್ಥಾನಕ್ಕೆ ಬಂದವಳು ಅವಳಿಂದ ಏನನ್ನೂ ಕಲಿತವಳಲ್ಲ. ಆದುದರಿಂದಲೇ ಆ ಪ್ರಸಂಗವು ವೈರಾಗ್ಯಕ್ಕೆ ಕಾರಣವಾಯಿತು. ಬುಲಾಯಿಯ ಸುತ್ತಿನಲ್ಲಿಯೂ ಒಬ್ಬಳ ಸ್ಥಾನವು ತೆರವಾಗುವುದು, ಇನ್ನೊಬ್ಬಳು ನಿಲ್ಲುವಳು. ಆದರೆ ನಿಂತವಳು ಹೋದವಳ ಕೈ ಹಿಡಿದು ಸುತ್ತಿದವಳು. ಪಕ್ಕದ ಹುಡುಗಿಗೆ ಹೆಜ್ಜೆಯನ್ನು ದಾಟಿಸಲು ಬೇಕಾದ ಕಾಲಾವಕಾಶವೇ ಮುಪ್ಪು. ದೇವನರ್ತಕಿಗೆ ಇಲ್ಲದ ಆ ಅವಕಾಶವು ಭಾಲ್ಕಿಯ ಹೆಂಗಸಿಗೆ ಉಂಟು. ಮುಪ್ಪನ್ನು ನರ್ತನದ ಅಂತ್ಯವೆಂದು ಹೇಳುವ ಲಕ್ಷಣಗ್ರಂಥಗಳಲ್ಲಿ ಈ ದಾಟಿಸುವ ಕಾರ್ಯಕ್ಕೆ ಪ್ರಕರಣವೇ ಇಲ್ಲದಿರುವುದು ಅವುಗಳ ನಿಜವಾದ ನ್ಯೂನತೆ.

ಸಭಾನರ್ತನದಲ್ಲಿಯೂ ಮುಪ್ಪು ಬಾಧಕವಲ್ಲವೆಂಬುದಕ್ಕೆ ಮೈಸೂರಿನ ದೃಷ್ಟಾಂತವು ಸಾಕು. ವಿದುಷಿ ವೆಂಕಟಲಕ್ಷಮ್ಮನವರು ೧೯೦೬ರಲ್ಲಿ ಕಡೂರಿನ ಬಳಿಯ ತಂಗಲಿ ತಾಂಡಾದಲ್ಲಿ ಲಂಬಾಣಿ ಕುಲದಲ್ಲಿ ಹುಟ್ಟಿ, ಎಳೆವೆಯಲ್ಲಿಯೇ ಜಟ್ಟಿ ತಾಯಮ್ಮನವರಲ್ಲಿ ಅಭಿನಯವನ್ನು ಕಲಿತು, ಆಸ್ಥಾನವಿದುಷಿಯಾದವರು. ೧೯೬೫ರಲ್ಲಿ, ಅರವತ್ತರ ಸಮೀಪದಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ನೃತ್ಯಾಧ್ಯಾಪಕಿಯಾದರು. ೧೯೯೨ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನು ಪಡೆದು ೨೦೦೨ರಲ್ಲಿ ನಿಧನರಾದರು. ಮುಪ್ಪಿನಲ್ಲಿ ಕುಳಿತು ಅವರು ತೋರಿಸುತ್ತಿದ್ದ ಅಭಿನಯವು ಶಿಷ್ಯರಿಗೆ ಪ್ರಮಾಣವಾಗಿದ್ದಿತು. ಔರಾದ ತಾಂಡಾಗಳ ಅಜ್ಜಿಯರ ಕುಲದವರೇ ಒಬ್ಬರು ಮೈಸೂರು ಶೈಲಿಯ ಆಕರವಾದುದು ಮಾರ್ಗ ದೇಶಿಗಳ ನಡುವಿನ ಗೋಡೆಯು ಎಷ್ಟು ತೆಳುವಾದುದೆಂಬುದನ್ನು ತೋರಿಸುತ್ತದೆ.

ಈ ಸೀಮೆಯಲ್ಲಿ ಹಿರಿಯರ ದೇಹಸಂಸ್ಕಾರಕ್ಕೆ ಬೇರೆಡೆಗಿಂತ ಹೆಚ್ಚಿನ ಬೆಲೆಯಿರುವುದಕ್ಕೆ ಚರಿತ್ರೆಯೂ ಕಾರಣ. ೧೯೪೮ರವರೆಗೆ ಬೀದರವು ನಿಜಾಮರ ಸಂಸ್ಥಾನದಲ್ಲಿತ್ತು. ಶಿಕ್ಷಣ ಆಡಳಿತಗಳೆರಡರಲ್ಲೂ ಉರ್ದುವೇ ಪ್ರಧಾನವಾಗಿತ್ತು. ಭಾಲ್ಕಿಯ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯು ಪ್ರಸಿದ್ಧವಾದುದು. ಆ ಶಾಲೆಯ ಬಾಗಿಲನ್ನೂ ಕಾಣದ ಹೆಂಗಸರಲ್ಲಿ ಕನ್ನಡವು ನಿಂತದ್ದು ಬೀಸುವ ಕಲ್ಲಿನ ಮುಂದೆ ಮತ್ತು ಬುಲಾಯಿಯ ಸುತ್ತಿನಲ್ಲಿ. ೧೯೫೬ರ ನವೆಂಬರ ೧ರಂದು ಬೀದರವು ಮೈಸೂರು ರಾಜ್ಯಕ್ಕೆ ಸೇರಿದಾಗ ಹತ್ತು ವರ್ಷದವಳಾಗಿದ್ದ ಬಾಲಿಕೆಯು ಈಗ ಎಂಬತ್ತರ ನೆರೆಯಲ್ಲಿರುವಳು. ಅವಳಿಗೆ ಕಲಿಸಿದವರ ಕಾಲಕ್ಕೆ ಆಕೆಯೇ ಕೊನೆಯ ಪ್ರತಿ. ತಾಳೆಯೋಲೆಗೆ ಗೆದ್ದಲು ಹಿಡಿದರೆ ಮಠದವರು ಬೇರೊಂದು ಪ್ರತಿಯನ್ನು ಹುಡುಕಿಯಾರು. ಇಲ್ಲಿ ಅದಕ್ಕೂ ಅವಕಾಶವಿಲ್ಲ.

ಇಂಥಲ್ಲಿ ವಿದ್ವಾಂಸರು ಮಾಡಿರುವ ಕೆಲಸವನ್ನು ವಿಮರ್ಶಿಸದೆ ಬಿಡುವಂತಿಲ್ಲ. ಸಂಗ್ರಹಗಳಲ್ಲಿ ಸಾಮಾನ್ಯವಾಗಿ ಹಾಡಿನ ಮಾತು ಮಾತ್ರ ಅಚ್ಚಾಗುವುದು. ಎಲ್ಲಿ ಬಾಗಿದರು, ಎಲ್ಲಿ ಚಪ್ಪಾಳೆ ಬಿತ್ತು, ಯಾವ ನುಡಿಗೆ ಸುತ್ತು ತಿರುಗಿತು ಎಂಬುದು ಬಿಟ್ಟುಹೋಗುವುದು. ಪದಪಾಠವನ್ನು ಸ್ವರವಿಲ್ಲದೆ ಅಚ್ಚುಹಾಕಿದಂತೆ ಇದು. ಪಲ್ಲವಿಯಲ್ಲಿ ಅರ್ಥವಿಲ್ಲದ ಅಕ್ಷರಗಳೆಂದು ಸಂಪಾದಕರು ಕೈಬಿಡುವ ಭಾಗವು ಬಹುವೇಳೆ ಹೆಜ್ಜೆಯನ್ನು ತುಂಬುವ ಭಾಗವಾಗಿರುವುದು. ವೇದಿಕೆಯವರ ಪ್ರಮಾದವು ಬೇರೆ ಬಗೆಯದು. ಯುವಜನೋತ್ಸವಗಳ ಸ್ಪರ್ಧೆಗೆ ೧೫ರಿಂದ ೨೯ರ ವಯಸ್ಸಿನ ಮಿತಿಯುಂಟು. ಯುವಕರ ಉತ್ಸವದಲ್ಲಿ ಯುವಕರೇ ಇರುವುದು ಯುಕ್ತವಾದುದೇ. ಆದರೆ ಜನಪದ ನೃತ್ಯದ ಮಾದರಿಯು ಅಲ್ಲಿಯೇ ನಿಶ್ಚಯವಾಗತೊಡಗಿದರೆ ಸುತ್ತು ಒಡೆದು ಪ್ರೇಕ್ಷಕರಿಗೆ ಮುಖಮಾಡಿದ ಸಾಲಾಗುವುದು, ಗತಿಯು ತೀವ್ರವಾಗುವುದು, ಮೊಣಕಾಲು ನೋಯುವವರು ತಾವಾಗಿ ಹೊರಗುಳಿಯುವರು. ಹಿರಿಯರಿಗೆ ಶಾಲು ಹೊದಿಸಿ ಮುಂದಿನ ಸಾಲಿನಲ್ಲಿ ಕೂರಿಸುವುದು ಗೌರವವೇ. ಆದರೆ ಕೂತಲ್ಲಿ ಉದ್ಬೋಧಕವಿಲ್ಲ.

ಆಕ್ಷೇಪವೊಂದುಂಟು. ಬಿದ್ದು ಎಲುಬು ಮುರಿಯುವ ವಯಸ್ಸಿನಲ್ಲಿ ಕುಣಿಯೆನ್ನುವುದು ಕ್ರೌರ್ಯವಲ್ಲವೆ? ಸಂಪ್ರದಾಯವು ಇದಕ್ಕೆ ತಾನೇ ಉತ್ತರವನ್ನು ಇಟ್ಟುಕೊಂಡಿದೆ. ಸುತ್ತಿನಲ್ಲಿ ಎಡಬಲದವರ ಆಸರೆಯುಂಟು. ಬಾಗಲಾರದವಳು ತಲೆಯನ್ನಷ್ಟೆ ತಗ್ಗಿಸುವಳು. ಸುತ್ತಲಾರದವಳು ನಡುವೆ ಕುಳಿತು ಚಪ್ಪಾಳೆಯಿಂದ ಗತಿಯನ್ನು ಹಿಡಿಯುವಳು. ಹೆಜ್ಜೆಯು ಕುಗ್ಗುವುದು, ಲಯವು ಕುಗ್ಗದು. ಅಶಕ್ತನು ಯಥಾಶಕ್ತಿ ಅಂಗಗಳನ್ನು ನಡೆಸಿದರೂ ನಿತ್ಯಕರ್ಮವು ಸಿದ್ಧಿಸುವುದೆಂದು ಮೀಮಾಂಸಕರು ಒಪ್ಪಿರುವ ನ್ಯಾಯವು ಇಲ್ಲಿಯೂ ಸಲ್ಲುತ್ತದೆ.

ಇಂತು ನಿರ್ಣಯವೇನೆಂದರೆ: ವೃದ್ಧದೇಹವು ಸಭಾಪಾತ್ರಲಕ್ಷಣಕ್ಕೆ ಹೊರತಾಗಿರಬಹುದು, ನರ್ತನಕ್ಕೆ ಹೊರತಲ್ಲ, ಸಮುದಾಯನರ್ತನದಲ್ಲಿ ಅದೇ ಮುಖ್ಯವಾದ ಆಶ್ರಯ. ಆ ದೇಹದಲ್ಲಿರುವುದನ್ನು ಪ್ರಶ್ನೋತ್ತರದಿಂದ ತೆಗೆಯಲಾಗದು. ಸುತ್ತು ಕಟ್ಟಿ, ಹುಣ್ಣಿಮೆಯ ಕಾಲವನ್ನು ಕಾಯ್ದು, ಪಕ್ಕದಲ್ಲಿ ಎಳೆಯರನ್ನು ನಿಲ್ಲಿಸಿದಾಗ ಮಾತ್ರ ಅದು ಹೊರಡುವುದು. ಬೀದರ, ಭಾಲ್ಕಿ, ಔರಾದಗಳ ಕನ್ನಡ ಅಧ್ಯಾಪಕರು ಬರುವ ಶೀಗಿ ಹುಣ್ಣಿಮೆಗೆ ತಮ್ಮ ಶಾಲೆಯ ಬಾಲಿಕೆಯರನ್ನು ಊರ ಅಜ್ಜಿಯರ ಸುತ್ತಿಗೆ ಕಳುಹಿಸಿ, ಮಾತಿನ ಜೊತೆಗೆ ಹೆಜ್ಜೆಯನ್ನೂ ಗುರುತುಹಾಕಿಡುವರಾದರೆ, ಲಕ್ಷಣಗ್ರಂಥಗಳು ಬರೆಯದೆ ಬಿಟ್ಟ ಪ್ರಕರಣವು ಬರೆಯಲ್ಪಟ್ಟಂತಾಗುವುದು.